ನದಿ ದಾಟುವ ಮುನ್ನ ಮೂರು ಒಪ್ಪಿಗೆ
(ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ತಿಳಿವಳಿಕೆ)



ಕಾಯಿಲೆ ವಾಸಿಯಾಗಿ ಮನೆಗೆ ಹೊರಡುವ ದಿನ ಬಹಳ ಮಂದಿ ನಮ್ಮನ್ನು ಕೇಳುವ ಪ್ರಶ್ನೆ ಒಂದಿದೆ. "ಸಿಸ್ಟರ್, ಹರಕೆ ಹೊತ್ತೀವಿ, ಯಾವಾಗ ಹೋಗಿ ಬರಬಹುದು?" ನಮ್ಮ ರಾಯಚೂರು ಜಿಲ್ಲೆ ಎರಡು ನದಿಗಳ ನಡುವಿನ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದ್ದರಿಂದ ನಮ್ಮ ಜನರ ಹರಕೆ, ಜಾತ್ರೆ, ದರ್ಶನಗಳಲ್ಲಿ ಹಲವು ನದಿಯ ದಂಡೆಯಲ್ಲೇ ಇವೆ. ಕೆಲವು ನದಿಯ ನಡುವೆಯೇ ಇವೆ. ಶ್ರೀಪಾದ ಶ್ರೀವಲ್ಲಭರ ಕುರುವಪುರ, ಚನ್ನಬಸವೇಶ್ವರರ ನಾರದಗಡ್ಡೆ ಇವೆರಡೂ ರಾಯಚೂರು ತಾಲ್ಲೂಕಿನ ಭಾಗದಲ್ಲಿ ಕೃಷ್ಣೆಯ ಒಳಗಿನ ನಡುಗಡ್ಡೆಗಳು. ಆತ್ಕೂರಿನ ಕಡೆಯಿಂದ ಕುರುವಪುರಕ್ಕೆ ಹೋಗುವವರು ತೆಪ್ಪ ಅಥವಾ ದೋಣಿ ಹತ್ತುವುದು ವಾಡಿಕೆ. ದೇವದುರ್ಗ ತಾಲ್ಲೂಕಿನಲ್ಲಿ ಕೊಪ್ಪರದ ನರಸಿಂಹಸ್ವಾಮಿ, ಗೂಗಲ್ಲಿನ ಅಲ್ಲಮಪ್ರಭು ದೇವಸ್ಥಾನಗಳು ಕೃಷ್ಣೆಯ ದಂಡೆಯಲ್ಲಿವೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯಲ್ಲಿದೆ.

ಹೋಗಬೇಡಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ವಾಸಿಯಾದ ಸಂತೋಷಕ್ಕೆ ಕುಟುಂಬದವರೆಲ್ಲ ಕೂಡಿ ಹೋಗಿ ಬರುವುದು ಮನಸ್ಸಿಗೂ ಒಳ್ಳೆಯದು. ಆದರೆ ಆಸ್ಪತ್ರೆಯಲ್ಲಿ ಹತ್ತಾರು ದಿನ ಕಷ್ಟಪಟ್ಟು ಉಳಿಸಿಕೊಂಡ ಜೀವವನ್ನು ಹತ್ತು ನಿಮಿಷದ ನದಿ ದಾಟುವಿಕೆಯಲ್ಲಿ ಕಳೆದುಕೊಳ್ಳಬಾರದು. ನೀರಿನ ನಡುವೆ ಹೋದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಮಾಡಬೇಕಾದ ತೀರ್ಮಾನವೆಲ್ಲ ಈಚೆ ದಂಡೆಯ ಮೇಲೆಯೇ ಆಗಬೇಕು. ಅದಕ್ಕಾಗಿ ಮೂರು ಒಪ್ಪಿಗೆಗಳನ್ನು ನೆನಪಿಡಿ: ದೇಹದ ಒಪ್ಪಿಗೆ, ನದಿಯ ಒಪ್ಪಿಗೆ, ದೋಣಿಯ ಒಪ್ಪಿಗೆ. ಮೂರೂ ಸಿಕ್ಕರೆ ಹೊರಡಿ. ಒಂದು ಇಲ್ಲದಿದ್ದರೂ ಆ ದಿನ ದಂಡೆಯಿಂದಲೇ ಕೈ ಮುಗಿದು ಮರಳಿರಿ.

ಇದು ಬರೀ ಹೆದರಿಕೆಯ ಮಾತಲ್ಲ

2020ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ, ತೆಲಂಗಾಣದ ಕಡೆಯಿಂದ ಮನೆಗೆ ಬೇಕಾದ ಸಾಮಾನು ಕೊಂಡು ನಡುಗಡ್ಡೆಯ ಕುರ್ವಕಲಾ ಗ್ರಾಮಕ್ಕೆ ಮರಳುತ್ತಿದ್ದವರ ತೆಪ್ಪ ಮಗುಚಿತು. ಅದರಲ್ಲಿ ಹತ್ತಕ್ಕೂ ಹೆಚ್ಚು ಜನರಿದ್ದರು. ನಾಲ್ವರು ನೀರುಪಾಲಾದರು. ಅವರೆಲ್ಲ ನದಿಯನ್ನು ಹುಟ್ಟಿನಿಂದ ಬಲ್ಲ ಊರಿನವರು. ವರ್ಷಕ್ಕೊಮ್ಮೆ ಹೋಗುವ ನಾವು ಇನ್ನೆಷ್ಟು ಎಚ್ಚರವಾಗಿರಬೇಕೆಂದು ಯೋಚಿಸಿರಿ.

2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಜನ ತೀರಿಕೊಂಡರು. ಉತ್ತರ ಕರ್ನಾಟಕದಿಂದ ಜಾತ್ರೆಗೆಂದು ಹೋದವರೂ ಅವರಲ್ಲಿದ್ದರು. ಆ ಸಣ್ಣ ದೋಣಿಯಲ್ಲಿ 30ಕ್ಕೂ ಹೆಚ್ಚು ಜನ ಏರಿದ್ದರು. ಮಳೆಗಾಲವಲ್ಲದ ಹಗಲು ಹೊತ್ತಿನಲ್ಲಿ ಇದು ನಡೆಯಿತು ಎಂಬುದನ್ನು ಗಮನಿಸಿರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷದಿಂದ ಜುಲೈ 25ನ್ನು ಮುಳುಗುವಿಕೆ ತಡೆ ದಿನವಾಗಿ ಆಚರಿಸಲಾಗುತ್ತಿದೆ. ಈ ಸಾವುಗಳಲ್ಲಿ ಹೆಚ್ಚಿನವನ್ನು ಮುಂಜಾಗ್ರತೆಯಿಂದ ತಡೆಯಬಹುದು.

ಮೊದಲನೆಯದು: ದೇಹದ ಒಪ್ಪಿಗೆ

ತೆಪ್ಪ ಹತ್ತುವುದು ಬಸ್ಸು ಹತ್ತಿದಂತಲ್ಲ. ಮರಳು, ಕಲ್ಲುಗಳ ಮೇಲೆ ನಡೆದು ನೀರಿನ ಅಂಚಿಗೆ ಇಳಿಯಬೇಕು. ಅಲುಗಾಡುವ ತೆಪ್ಪದೊಳಗೆ ಕಾಲಿಟ್ಟು, ಕೆಳಗೆ ಮಂಡಿ ಮಡಚಿ ಕುಳಿತುಕೊಳ್ಳಬೇಕು. ಇಳಿಯುವಾಗ ಅಷ್ಟೇ ಶ್ರಮಪಟ್ಟು ಏಳಬೇಕು. ನಡುಗಡ್ಡೆಯಲ್ಲಿ ಏನಾದರೂ ಆದರೆ ಆಂಬುಲೆನ್ಸು ಅಲ್ಲಿಗೆ ಬರಲಾರದು. ಮತ್ತೆ ನೀರು ದಾಟಿಯೇ ಈಚೆಗೆ ಬರಬೇಕು. ಆದ್ದರಿಂದ ಬಿಡುಗಡೆಯ ದಿನವೇ ವೈದ್ಯರಿಗೆ "ಹೋಗಬಹುದೇ?" ಎಂದಷ್ಟೇ ಕೇಳಬೇಡಿ. "ತೆಪ್ಪದಲ್ಲಿ ನದಿ ದಾಟಬೇಕು, ಅಷ್ಟು ದೂರ ನಡೆಯಬೇಕು, ಕೆಳಗೆ ಕೂರಬೇಕು" ಎಂದು ಬಿಡಿಸಿ ಹೇಳಿ ಕೇಳಿರಿ. ಆಗ ಸರಿಯಾದ ಉತ್ತರ ಸಿಗುತ್ತದೆ.

ಆಪರೇಶನ್ ಆದವರು: ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಒಳಗಿನ ಗಾಯ ಮಾಯ್ದಿದೆ ಎಂದು ತಿಳಿಯಬಾರದು. ಹೊಟ್ಟೆಯ ಆಪರೇಶನ್ ಅಥವಾ ಸಿಸೇರಿಯನ್ ಆದವರು ವೈದ್ಯರು ಹೇಳುವವರೆಗೂ ಕಾಯಬೇಕು. ಹಸಿ ಗಾಯ ಇದ್ದವರು, ಮೂತ್ರದ ನಳಿಕೆ ಹಾಕಿಸಿಕೊಂಡವರು ನದಿಯ ನೀರಿಗೆ ಇಳಿಯಲೇಬಾರದು. ಪುಣ್ಯಸ್ನಾನಕ್ಕೆ ಬದಲಾಗಿ ತಲೆಗೆ ನಾಲ್ಕು ಹನಿ ನೀರು ಚಿಮುಕಿಸಿಕೊಂಡರೆ ಸಾಕು.

ಪ್ಲಾಸ್ಟರ್ ಹಾಕಿಸಿಕೊಂಡವರು: ಕಾಲಿಗೆ ಅಥವಾ ಕೈಗೆ ಪ್ಲಾಸ್ಟರ್ ಇದ್ದರೆ ತೆಪ್ಪ ಹತ್ತುವುದು ಬೇಡ. ನೀರಿಗೆ ಬಿದ್ದರೆ ಪ್ಲಾಸ್ಟರ್ ನೀರು ಹೀರಿ ಭಾರವಾಗುತ್ತದೆ. ಆ ಕೈಕಾಲು ಆಡಿಸಲೂ ಬರುವುದಿಲ್ಲ.

ಹೃದಯದ ಕಾಯಿಲೆ, ದಮ್ಮು ಇದ್ದವರು: ಮನೆಯ ಅಂಗಳದಲ್ಲಿ ನಡೆದರೂ ಎದೆ ನೋವು ಅಥವಾ ಉಬ್ಬಸ ಬರುವಂತಿದ್ದರೆ ಪ್ರಯಾಣ ಮುಂದೂಡಿ. ನಾಲಿಗೆಯ ಕೆಳಗೆ ಇಡುವ ಗುಳಿಗೆ ವೈದ್ಯರು ಬರೆದುಕೊಟ್ಟಿದ್ದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಿಮ್ಮ ಮೈಮೇಲೆಯೇ ಇಟ್ಟುಕೊಳ್ಳಿ. ಗಂಟಿನಲ್ಲಿ ಇಟ್ಟರೆ ಗಂಟು ಒಂದು ತೆಪ್ಪದಲ್ಲಿ, ನೀವು ಇನ್ನೊಂದರಲ್ಲಿ ಆಗಬಹುದು. ದಮ್ಮಿನ ಪಂಪಿಗೂ ಇದೇ ಮಾತು. ಪ್ರಯಾಣದಲ್ಲಿ ಮೂತ್ರದ ತೊಂದರೆ ಬೇಡವೆಂದು ಕೆಲವರು ನೀರಿಳಿಸುವ ಗುಳಿಗೆಯನ್ನು ಅಂದು ಬಿಟ್ಟುಬಿಡುತ್ತಾರೆ. ವೈದ್ಯರನ್ನು ಕೇಳದೆ ಹಾಗೆ ಮಾಡಬೇಡಿ.

ಸಕ್ಕರೆ ಕಾಯಿಲೆಯವರು: ದಂಡೆಯಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಹೇಳಲಾಗದು. ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಂಡು ದರ್ಶನದವರೆಗೆ ಉಪವಾಸ ಇರುವುದು ಅಪಾಯಕರ. ಉಪವಾಸ ಮಾಡಲೇಬೇಕೆಂದಿದ್ದರೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ಬುತ್ತಿಯ ಜೊತೆಗೆ ಬೆಲ್ಲ ಅಥವಾ ಸಕ್ಕರೆ ಕೈಗೆಟಕುವಂತಿರಲಿ. ಮೈ ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ ಎಚ್ಚರವಿರುವಾಗಲೇ ಅದನ್ನು ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಪಾದ ಜೋಮು ಹಿಡಿದಿರುವವರು ಕಾದ ಮರಳು, ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಸುಟ್ಟ ಗುಳ್ಳೆ ಬಂದರೂ ಗೊತ್ತಾಗುವುದಿಲ್ಲ. ಚಪ್ಪಲಿಯನ್ನು ದೇವಸ್ಥಾನದ ಬಾಗಿಲಲ್ಲಿ ಬಿಡಿ, ದಂಡೆಯಲ್ಲಿ ಬಿಡಬೇಡಿ.

ಮೂರ್ಛೆರೋಗ ಇದ್ದವರು: ಗುಳಿಗೆ ತಪ್ಪಿಸುವುದು, ನಿದ್ದೆಗೆಡುವುದು, ಉಪವಾಸ ಇವು ಫಿಟ್ಸ್ ಬರಲು ಕಾರಣವಾಗುತ್ತವೆ. ಜಾತ್ರೆಯಲ್ಲಿ ಈ ಮೂರೂ ಒಟ್ಟಿಗೆ ಆಗುವುದುಂಟು. ಇತ್ತೀಚೆಗೆ ಫಿಟ್ಸ್ ಬಂದಿದ್ದರೆ ತೆಪ್ಪ ಹತ್ತಬೇಡಿ. ನದಿಯಲ್ಲಿ ಸ್ನಾನವನ್ನಂತೂ ಮಾಡಲೇಬೇಡಿ. ಮೊಣಕಾಲುದ್ದದ ನೀರಿನಲ್ಲೂ ಫಿಟ್ಸ್ ಬಂದರೆ ಜೀವ ಹೋಗಬಹುದು.

ಗರ್ಭಿಣಿಯರು ಮತ್ತು ಎಳೆ ಕೂಸುಗಳು: ದಿನ ತುಂಬಿದ ಗರ್ಭಿಣಿಯರು ನಡುಗಡ್ಡೆಗೆ ಹೋಗಬಾರದು. ಎಳೆ ಕೂಸಿನ ಅಳತೆಗೆ ಲೈಫ್ ಜಾಕೆಟ್ ಸಿಗುವುದು ಕಷ್ಟ. ಕೂಸನ್ನು ಸೆರಗಿನಿಂದ ತಾಯಿಯ ಮೈಗೆ ಕಟ್ಟಿಕೊಂಡರೆ ಭದ್ರವೆಂದು ತಿಳಿದವರಿದ್ದಾರೆ. ತೆಪ್ಪ ಮಗುಚಿದರೆ ಆ ಗಂಟೇ ಇಬ್ಬರಿಗೂ ಮುಳುವಾಗುತ್ತದೆ. ಜವಳ ತೆಗೆಸುವ ಹರಕೆಯಿದ್ದರೆ ಕೂಸು ಸ್ವಲ್ಪ ದೊಡ್ಡದಾಗಲಿ, ನೀರು ಇಳಿಯಲಿ.

ಇವರಲ್ಲದೆ, ಅಂದು ಕುಡಿದವರು ಯಾರೇ ಇರಲಿ, ಅವರು ತೆಪ್ಪ ಹತ್ತಬಾರದು. ಅಂಬಿಗ ಕುಡಿದಿದ್ದರೆ ಯಾರೂ ಹತ್ತಬಾರದು.

ಎರಡನೆಯದು: ನದಿಯ ಒಪ್ಪಿಗೆ

"ಮಳೆಯೇ ಇಲ್ಲ, ಬಿಸಿಲು ಬಿದ್ದಿದೆ, ಹೊಳೆಗೆ ಏನಾಗುತ್ತದೆ?" ಎಂದು ಕೇಳುವವರು ಬಹಳ. ನಮ್ಮ ಹೊಳೆಗಳು ನಮ್ಮೂರಿನ ಮಳೆಯಿಂದ ತುಂಬುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದ ಬೆಟ್ಟಗಳಲ್ಲಿ. ಅಲ್ಲಿ ಮಳೆ ಜೋರಾದರೆ ನೀರು ಆಲಮಟ್ಟಿಗೆ, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಬಸವಸಾಗರ ತುಂಬಿದಾಗ ಗೇಟು ಎತ್ತಿ ನದಿಗೆ ಬಿಡುತ್ತಾರೆ. ಆ ನೀರು ಲಿಂಗಸುಗೂರು, ದೇವದುರ್ಗ ತಾಲ್ಲೂಕುಗಳ ಅಂಚಿನಲ್ಲಿ ಹರಿದು ರಾಯಚೂರು ತಾಲ್ಲೂಕಿಗೆ ತಲುಪಲು ಹಲವು ಗಂಟೆಗಳು ಬೇಕು. ಬೆಳಿಗ್ಗೆ ನೀವು ದಾಟುವಾಗ ಶಾಂತವಾಗಿದ್ದ ಹೊಳೆ ಸಂಜೆ ಮರಳುವಾಗ ಹಾಗೆಯೇ ಇರುತ್ತದೆಂಬ ಖಾತರಿ ಇಲ್ಲ. 2019ರ ಆಗಸ್ಟ್‌ನ ಪ್ರವಾಹದಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೇ ನೀರಿನಲ್ಲಿ ಮುಳುಗಿತ್ತು. ಅಂಥ ಹೊಳೆಯ ಮುಂದೆ ತೆಪ್ಪದ ಪಾಡು ಏನು?

ಕುರುವಪುರ, ನಾರದಗಡ್ಡೆಗಳಿಗೆ ಹೋಗುವವರು ಇನ್ನೊಂದು ವಿಷಯ ಅರಿಯಬೇಕು. ರಾಯಚೂರು ತಾಲ್ಲೂಕಿನ ಕಾಡ್ಲೂರಿನ ಹತ್ತಿರ ಭೀಮಾ ನದಿ ಬಂದು ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಎರಡು ನದಿಗಳ ನೀರು ಒಂದಾಗಿರುತ್ತದೆ. ನಾರಾಯಣಪುರದ ಗೇಟು ಮುಚ್ಚಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಟ್ಟಿದ್ದರೆ ನಡುಗಡ್ಡೆಯ ಬಳಿ ಹೊಳೆ ಏರಬಹುದು. ಆದ್ದರಿಂದ "ನಾರಾಯಣಪುರದಿಂದ ನೀರು ಬಿಟ್ಟಿದ್ದಾರೆಯೇ?" ಎಂಬ ಪ್ರಶ್ನೆಯ ಜೊತೆಗೆ "ಭೀಮೆಗೆ ನೀರು ಬಂದಿದೆಯೇ?" ಎಂದೂ ಕೇಳಬೇಕು.

ಮಾನ್ವಿ ಕಡೆಯವರಿಗೆ ತುಂಗಭದ್ರೆಯ ಲೆಕ್ಕ ಬೇರೆ. ಅದರ ನೀರು ಮಲೆನಾಡಿನ ಶಿವಮೊಗ್ಗ, ಚಿಕ್ಕಮಗಳೂರುಗಳ ಮಳೆಯಿಂದ ಬರುತ್ತದೆ. ಹೊಸಪೇಟೆಯ ಬಳಿಯ ಜಲಾಶಯದಿಂದ ಕೆಳಗೆ ಬಿಡುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಆ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಆ ರಾತ್ರಿ ಮಲಗುವಾಗ ಯಾರಿಗೂ ಅದರ ಸುಳಿವು ಇರಲಿಲ್ಲ. 2009ರ ಅಕ್ಟೋಬರ್ ಮೊದಲ ವಾರದ ಪ್ರವಾಹದಲ್ಲಿ ಮಂತ್ರಾಲಯಕ್ಕೂ ತುಂಗಭದ್ರೆಯ ನೀರು ನುಗ್ಗಿತ್ತು. ಮಳೆಗಾಲ ಮುಗಿಯಿತೆಂದು ತಿಳಿದಿದ್ದ ಕಾಲವದು.

ಹಾಗಾದರೆ ಹೋಗಲು ಯಾವ ಕಾಲ ಒಳ್ಳೆಯದು? ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿ. ನೀರಿನ ಸೆಳೆತ ಕಡಿಮೆ, ಬಿಸಿಲೂ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಷ್ಟೇ ಆಸ್ಪತ್ರೆಯಿಂದ ಹೋದವರಿಗೆ ಅದು ತಡೆಯಲಾರದು. ಜುಲೈಯಿಂದ ಅಕ್ಟೋಬರ್‌ವರೆಗೆ, ಅಂದರೆ ಶ್ರಾವಣವೂ ಸೇರಿ, ಹೊಳೆ ತುಂಬುವ ಕಾಲ. ಶ್ರಾವಣದ ಹರಕೆಯನ್ನು ದಂಡೆಯಿಂದಲೇ ಸಲ್ಲಿಸಿ, ದರ್ಶನವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಜಾಣತನ.

ಹೊರಡುವ ಹಿಂದಿನ ದಿನ ಪತ್ರಿಕೆಯಲ್ಲಿ ಜಲಾಶಯದ ಸುದ್ದಿ ನೋಡಿರಿ. ದಂಡೆಯ ಊರಿನಲ್ಲಿ ಪರಿಚಯದವರಿದ್ದರೆ ಫೋನ್ ಮಾಡಿ ಕೇಳಿರಿ. ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ತೆಪ್ಪ ನಿಲ್ಲಿಸಿರಿ ಎಂದು ತಹಶೀಲ್ದಾರರೋ ಪೊಲೀಸರೋ ಹೇಳಿದ್ದರೆ, ಬೇರೆ ದಂಡೆಯಿಂದ ಕದ್ದು ದಾಟಿಸುವವರನ್ನು ಹುಡುಕಬೇಡಿ.

ದಂಡೆಗೆ ಬಂದ ಮೇಲೆ ಐದು ನಿಮಿಷ ಸುಮ್ಮನೆ ನಿಂತು ಹೊಳೆಯನ್ನು ನೋಡಿರಿ.
• ತಿಳಿಯಾಗಿದ್ದ ನೀರು ಕೆಂಪಾಗಿ ಕದಡಿದೆಯೇ?
• ಕಸಕಡ್ಡಿ, ನೊರೆ, ಗಿಡದ ಟೊಂಗೆ ತೇಲಿ ಬರುತ್ತಿವೆಯೇ?
• ದಂಡೆಯ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ನೋಡುತ್ತಿದ್ದಂತೆಯೇ ಅದು ಮುಳುಗುತ್ತಿದೆಯೇ?
• ಗಾಳಿಗೆ ನೀರಿನ ಮೇಲೆ ತೆರೆಗಳು ಎದ್ದಿವೆಯೇ? ಮೋಡ ಕವಿದು ಗುಡುಗುತ್ತಿದೆಯೇ?
ಇವುಗಳಲ್ಲಿ ಒಂದಕ್ಕೆ "ಹೌದು" ಎಂದಾದರೂ ನದಿ ಒಪ್ಪಿಲ್ಲವೆಂದೇ ಅರ್ಥ.

ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬೇಡಿ. ತೆಪ್ಪದಿಂದ ಕೈ ಹೊರಗೆ ಚಾಚಿ ನೀರಾಟ ಆಡಬೇಡಿ. ಊರಿನವರು ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ನೀರಿಗೆ ಇಳಿಯಬೇಡಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನೀರಿನ ಅಂಚಿನಲ್ಲಿ ಕೂರಬೇಡಿ. ಉಂಡು ಉಳಿದ ಅನ್ನ, ಎಂಜಲನ್ನು ಹೊಳೆಗೆ ಎಸೆಯಬೇಡಿ.

ಮೂರನೆಯದು: ದೋಣಿಯ ಒಪ್ಪಿಗೆ

ನಮ್ಮ ಕಡೆಯ ತೆಪ್ಪ, ಅಂದರೆ ಹರಿಗೋಲು, ದುಂಡಗಿನ ಬುಟ್ಟಿಯ ಆಕಾರದ್ದು. ಬಿದಿರಿನಿಂದ ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಹೊದಿಸುತ್ತಾರೆ. ತಳ ಅಗಲವಾಗಿರುವುದರಿಂದ ಕಡಿಮೆ ನೀರಿನಲ್ಲೂ ಸಾಗುತ್ತದೆ. ಆದರೆ ಅದರ ಸಮತೋಲನ ನಿಂತಿರುವುದು ಒಳಗಿನ ಭಾರ ಸಮನಾಗಿರುವುದರ ಮೇಲೆ. ಎಲ್ಲರೂ ಒಂದೇ ಕಡೆಗೆ ವಾಲಿದರೆ ಅಂಚು ನೀರಿಗೆ ತಾಗಿ ನೀರು ಒಳನುಗ್ಗುತ್ತದೆ. ಒಬ್ಬರು ಎದ್ದು ನಿಂತರೂ ಸಾಕು. ಒಬ್ಬರು ಫೋಟೋ ತೆಗೆಯಲು ಎದ್ದದ್ದು ಎಲ್ಲರ ಪ್ರಾಣಕ್ಕೆ ಬರಬಹುದು.

ಹತ್ತುವ ಮುನ್ನ ನೋಡಬೇಕಾದುವು:
1. ತಳದಲ್ಲಿ ನೀರು ಜಿನುಗುತ್ತಿದೆಯೇ? ಹೊದಿಕೆ ಹರಿದಿದೆಯೇ? ಅಂಬಿಗ ಪದೇ ಪದೇ ನೀರು ಮೊಗೆದು ಹಾಕುತ್ತಿದ್ದರೆ ಆ ತೆಪ್ಪ ಬೇಡ.
2. ಎಷ್ಟು ಜನರಿಗೆ ತೆಪ್ಪ ತಡೆಯುತ್ತದೆ ಎಂದು ಅಂಬಿಗನನ್ನೇ ಕೇಳಿರಿ. ಮಕ್ಕಳನ್ನೂ ತಲೆಯೆಣಿಕೆಗೆ ಸೇರಿಸಿರಿ.
3. ಎಲ್ಲರೂ ಕುಳಿತ ಮೇಲೆ ತೆಪ್ಪದ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ಇಲ್ಲದಿದ್ದರೆ ಕೆಲವರು ಇಳಿಯಲೇಬೇಕು.
4. ಜನರ ಜೊತೆಗೆ ಮೋಟಾರ್ ಸೈಕಲ್ಲು, ಕಾಳಿನ ಚೀಲ, ಆಡುಕುರಿ ಹೇರಿದ್ದರೆ ಮುಂದಿನ ಸರತಿಗೆ ಕಾಯಿರಿ.
5. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ? ಅಳತೆ ಸರಿಯಿದೆಯೇ?

ಲೈಫ್ ಜಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡರೆ, ಕೂರಲು ಆಸನ ಮಾಡಿಕೊಂಡರೆ ಪ್ರಯೋಜನವಿಲ್ಲ. ದಂಡೆಯ ಮೇಲೆಯೇ ತೊಟ್ಟು, ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಬಿಗಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗದ್ದ, ಕಿವಿಯವರೆಗೆ ಜಾರಿದರೆ ಅದು ಸಡಿಲವಾಗಿದೆ. ದೊಡ್ಡವರದನ್ನು ಮಕ್ಕಳಿಗೆ ತೊಡಿಸಿದರೆ ಮಗು ಅದರಿಂದ ಕೆಳಗೆ ಜಾರಿಹೋಗುತ್ತದೆ. ಸೀರೆಯ ಸೆರಗು, ಶಾಲು, ಕಂಬಳಿಗಳನ್ನು ಜಾಕೆಟ್ಟಿನ ಮೇಲೆ ಹೊದೆಯಬೇಡಿ. ಹೆಗಲಿಗೆ ಅಡ್ಡ ಹಾಕಿದ ಚೀಲವನ್ನು ತೆಗೆದು ಕೆಳಗಿಡಿ. ದಂಡೆಯಲ್ಲಿ ಜಾಕೆಟ್ ಇಲ್ಲವೇ ಇಲ್ಲ ಎಂದರೆ, ರೋಗಿ, ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ.

ಹತ್ತುವ ಕ್ರಮ: ತೆಪ್ಪವನ್ನು ದಂಡೆಗೆ ಗಟ್ಟಿಯಾಗಿ ಹಿಡಿದಿರಬೇಕು. ಮೊದಲು ಗಟ್ಟಿಮುಟ್ಟಾದ ಒಬ್ಬರು ಹತ್ತಿ ಕುಳಿತುಕೊಳ್ಳಲಿ. ನಂತರ ರೋಗಿ, ಒಳಗಿನಿಂದ ಒಬ್ಬರ ಕೈ, ಹೊರಗಿನಿಂದ ಒಬ್ಬರ ಕೈ ಹಿಡಿದು, ಅಂಚಿನ ಮೇಲೆ ಕಾಲಿಡದೆ ನೇರವಾಗಿ ನಡುವೆ ಕಾಲಿಡಬೇಕು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ, ಎದುರುಬದುರು ಸಮನಾಗಿ ಕೂರಬೇಕು. ಇಳಿಯುವಾಗ ತೆಪ್ಪ ದಂಡೆಗೆ ತಾಗಿದ ಕೂಡಲೇ ಎಲ್ಲರೂ ಒಮ್ಮೆಗೇ ಏಳಬಾರದು. ಅಂಬಿಗ ಹೇಳಿದ ಮೇಲೆ ಒಬ್ಬೊಬ್ಬರೇ ಇಳಿಯಬೇಕು.

ಅಂಬಿಗನ ಮಾತಿಗೆ ಬೆಲೆ ಕೊಡಿರಿ. ಹೊಳೆಯನ್ನು ಅವನಷ್ಟು ಬಲ್ಲವರು ಇಲ್ಲ. ಶರಣ ಅಂಬಿಗರ ಚೌಡಯ್ಯನವರ ಕಾಯಕವೂ ಇದೇ ಆಗಿತ್ತು. "ಇವತ್ತು ಬ್ಯಾಡ್ರಿ" ಎಂದು ಅವನು ಹೇಳಿದರೆ ಹೆಚ್ಚು ದುಡ್ಡಿನ ಆಸೆ ತೋರಿಸಿ ಒಪ್ಪಿಸಬೇಡಿ. ಹಾಗೆಯೇ, ಅವನು ಇನ್ನಿಬ್ಬರನ್ನು ಹತ್ತಿಸಿಕೊಳ್ಳುತ್ತೇನೆ ಎಂದರೆ ನೀವು ಸಂಕೋಚಪಡದೆ "ಯಣ್ಣಾ, ನಾವು ಮುಂದಿನ ಸರತಿಗೆ ಬರ್ತೀವಿ" ಎಂದು ಇಳಿದುಬಿಡಿ. ಜಗಳ ಬೇಡ, ಇಳಿದರೆ ಸಾಕು.

ಮರಳಿ ಬರುವ ಲೆಕ್ಕ

ಬೆಳಿಗ್ಗೆ ಬೇಗ ಹೊರಡಿ. ಸೂರ್ಯ ಮುಳುಗುವುದಕ್ಕೆ ಸಾಕಷ್ಟು ಮುಂಚೆ ಈಚೆ ದಂಡೆಗೆ ಬಂದುಬಿಡಬೇಕು. ಕಡೆಯ ತೆಪ್ಪಕ್ಕೆ ಕಾದರೆ ಅದರಲ್ಲಿ ನೂಕುನುಗ್ಗಲು ಹೆಚ್ಚು, ಬೆಳಕು ಕಡಿಮೆ. ಮನೆಯವರಲ್ಲಿ ಒಬ್ಬರು ಈಚೆ ದಂಡೆಯಲ್ಲೇ ಉಳಿದರೆ ಬಹಳ ಒಳ್ಳೆಯದು. ಎಷ್ಟು ಜನ ಹೋದರು, ಯಾವ ಹೊತ್ತಿಗೆ ಮರಳುತ್ತಾರೆ ಎಂಬುದು ಅವರಿಗೆ ಗೊತ್ತಿರಲಿ. ಬಿಡುಗಡೆ ಚೀಟಿ, ಎರಡು ದಿನಕ್ಕೆ ಸಾಕಾಗುವ ಗುಳಿಗೆ, ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪುಡಿ ಇವನ್ನು ನೀರು ತಾಗದಂತೆ ಕಟ್ಟಿಕೊಳ್ಳಿ. ಹೊಳೆ ಏರಿ ನಡುಗಡ್ಡೆಯಲ್ಲೇ ರಾತ್ರಿ ಕಳೆಯಬೇಕಾಗಿ ಬಂದರೆ ಧೈರ್ಯವಾಗಿ ಅಲ್ಲೇ ಉಳಿಯಿರಿ. ಕೆಲಸಕ್ಕೆ ಒಂದು ದಿನ ತಪ್ಪಿದರೆ ತುಂಬಿಕೊಳ್ಳಬಹುದು.

ಒಂದು ವೇಳೆ ನೀರಿಗೆ ಬಿದ್ದರೆ

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ಪರದಾಡುವವರಿಗೆ ಕೂಗಲು ಉಸಿರು ಇರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏರಿಳಿಯುತ್ತ, ಸದ್ದಿಲ್ಲದೆ ಕೆಳಗೆ ಹೋಗುತ್ತಾರೆ. ಮಕ್ಕಳ ಮೇಲೆ ಸದಾ ಒಬ್ಬರ ಕಣ್ಣಿರಲಿ.

ನೀವೇ ಬಿದ್ದರೆ: ಮಗುಚಿದ ತೆಪ್ಪ ಸಾಮಾನ್ಯವಾಗಿ ತೇಲುತ್ತಿರುತ್ತದೆ, ಅದನ್ನು ಹಿಡಿದುಕೊಳ್ಳಿ. ಅದು ಸಿಗದಿದ್ದರೆ ಅಂಗಾತ ಮಲಗಿದಂತೆ ತೇಲಿ, ಕಾಲನ್ನು ಹರಿವಿನ ಕಡೆಗೆ ಮಾಡಿ. ಸೆಳೆತಕ್ಕೆ ಎದುರಾಗಿ ಈಜಿ ಶಕ್ತಿ ಕಳೆದುಕೊಳ್ಳಬೇಡಿ.

ಬೇರೆಯವರು ಬಿದ್ದರೆ: ಈಜು ಬಂದರೂ ಹಾರಬೇಡಿ. ಮುಳುಗುವವರು ಗಾಬರಿಯಿಂದ ಉಳಿಸಲು ಬಂದವರನ್ನೇ ತಬ್ಬಿ ಕೆಳಗೆಳೆಯುತ್ತಾರೆ. ಕೋಲು ಚಾಚಿ. ಹಗ್ಗ, ಗಂಟು ಹಾಕಿದ ಸೀರೆ, ಗಾಳಿ ತುಂಬಿದ ಟ್ಯೂಬು, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಎಸೆಯಿರಿ. ಹಗ್ಗ ಕಟ್ಟಿದ ಒಂದು ಖಾಲಿ ಕ್ಯಾನನ್ನು ಬುತ್ತಿಯ ಜೊತೆ ಒಯ್ಯಲು ಖರ್ಚೇನೂ ಇಲ್ಲ.

ಹೊರತಂದ ಮೇಲೆ ಮಾಡಬೇಕಾದುದು:
1. ಒಬ್ಬರು ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಲಿ. ಗಡಿಯ ಆಚೆ ತೆಲಂಗಾಣದಲ್ಲೂ ಇವೇ ಸಂಖ್ಯೆಗಳು.
2. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹೆಗಲು ತಟ್ಟಿ ಕರೆಯಿರಿ. ಎದೆ ಏರಿಳಿಯುತ್ತಿದೆಯೇ ಎಂದು 10 ಸೆಕೆಂಡು ನೋಡಿರಿ.
3. ಉಸಿರಿಲ್ಲದಿದ್ದರೆ ಹಣೆ ಹಿಂದಕ್ಕೆ ಒತ್ತಿ, ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ 5 ಬಾರಿ ಉಸಿರು ಊದಿರಿ.
4. ನಂತರ ಎದೆಯ ನಡುಭಾಗದಲ್ಲಿ ಎರಡು ಅಂಗೈ ಒಂದರ ಮೇಲೊಂದಿಟ್ಟು, ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿರಿ. ಮತ್ತೆ 2 ಉಸಿರು. ಹೀಗೆಯೇ ಆಂಬುಲೆನ್ಸು ಬರುವವರೆಗೆ ಅಥವಾ ಉಸಿರಾಟ ಮರಳುವವರೆಗೆ ಬಿಡದೆ ಮಾಡಿರಿ. ಊದಲು ಬಾರದಿದ್ದರೆ ಒತ್ತುವುದನ್ನಾದರೂ ನಿಲ್ಲಿಸಬೇಡಿ.
5. ಉಸಿರಿದ್ದರೆ ಮಗ್ಗುಲಾಗಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಿರಿ.

ಮಾಡಬಾರದ್ದು: ತಲೆಕೆಳಗಾಗಿ ಎತ್ತಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಬಾಯಿಗೆ ಚಹಾ, ಸಾರಾಯಿ ಹಾಕುವುದು. ಹೊಟ್ಟೆ ಒತ್ತಿದರೆ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಿಲ್ಲದೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟಾಗುತ್ತದೆ. ಆ ನಿಮಿಷಗಳನ್ನು ಇಂಥ ಕೆಲಸದಲ್ಲಿ ಕಳೆಯಬಾರದು. ನೀರು ಕುಡಿದು ಕೆಮ್ಮಿ ಚೇತರಿಸಿಕೊಂಡವರನ್ನೂ, ಎಷ್ಟೇ ಆರಾಮವಾಗಿ ಕಂಡರೂ, ಆಸ್ಪತ್ರೆಗೆ ಕರೆತನ್ನಿ. ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಹೆಚ್ಚಬಹುದು.

ಎದೆ ಒತ್ತುವ ಕ್ರಮವನ್ನು ಓದಿ ಕಲಿಯುವುದು ಕಷ್ಟ. ನೀವು ಆಸ್ಪತ್ರೆಯಲ್ಲಿರುವಾಗಲೇ ವಾರ್ಡಿನ ಸಿಸ್ಟರ್‌ರನ್ನು ಕೇಳಿದರೆ ದಿಂಬಿನ ಮೇಲೆ ಮಾಡಿ ತೋರಿಸುತ್ತಾರೆ. ರೋಗಿಯ ಜೊತೆಗಿರುವವರಿಗೆ ಬಿಡುವಿನ ವೇಳೆ ಬಹಳವಿರುತ್ತದೆ. ಮನೆಗೊಬ್ಬರಾದರೂ ಕಲಿತುಕೊಂಡು ಹೋಗಿರಿ.

ಕೊನೆಯ ಮಾತು

ಹರಕೆ ತಡವಾಯಿತೆಂದು ಕೊರಗಬೇಡಿ. "ಇಷ್ಟು ದೂರ ಟಂಟಂ ಮಾಡಿಕೊಂಡು ಬಂದೀವಿ, ಖರ್ಚು ಆಗ್ಯದ, ಹೋಗೇ ಬಿಡೋಣ" ಎಂಬ ಮಾತು ಮನೆಯಲ್ಲಿ ಯಾರೋ ಒಬ್ಬರಿಂದ ಬಂದೇ ಬರುತ್ತದೆ. ಆಗ ತಡೆಯುವ ಮಾತು ಹೇಳಲು ಒಬ್ಬರನ್ನು ಮನೆಯಲ್ಲೇ ಮೊದಲೇ ಗೊತ್ತುಮಾಡಿಕೊಳ್ಳಿ. ಅವರು ಮನೆಯ ಸೊಸೆಯಾಗಿರಲಿ, ಕಾಲೇಜು ಓದುವ ಮಗನಾಗಿರಲಿ, "ಇವತ್ತು ಬೇಡ" ಎಂದರೆ ಹಿರಿಯರೂ ಒಪ್ಪಬೇಕೆಂದು ಹೊರಡುವ ಮೊದಲೇ ಮಾತಾಗಿರಲಿ.

ಈ ಪುಟವನ್ನು ಮಡಚಿ ಬಿಡುಗಡೆ ಚೀಟಿಯ ಜೊತೆ ಇಟ್ಟುಕೊಳ್ಳಿ. ದೇಹ, ನದಿ, ದೋಣಿ ಮೂರೂ ಒಪ್ಪಿದ ದಿನ ಹೋಗಿ, ಎಲ್ಲರೂ ಕೂಡಿ ಮರಳಿ ಬನ್ನಿರಿ. ಮುಂದಿನ ತಪಾಸಣೆಯ ದಿನಾಂಕವನ್ನು ಮರೆಯಬೇಡಿ.